ಈದ್‌ನಿಂದ ಬಕ್ರೀದ್‌ವರೆಗೆ ಹತ್ತು ವಾರ
(ಜುಮಾ ಖುತ್ಬಾದ ಸಾರಾಂಶ, ಭೇರ್ಯ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದರ(ಸ) ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಪ್ರೀತಿಯ ಸಹೋದರರೇ, ರಮಝಾನ್ ಮುಗಿಯುತ್ತ ಬಂದಿದೆ. ಸಹರಿಯಿಂದ ಮಗ್ರಿಬ್‌ವರೆಗೆ ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಯಾವುದನ್ನೂ ಮುಟ್ಟದೆ ನಮ್ಮಲ್ಲಿ ಅನೇಕರು ಈ ತಿಂಗಳನ್ನು ಕಳೆದಿದ್ದಾರೆ. ಆದರೆ ಮಗ್ರಿಬ್ ಮುಗಿಯುತ್ತಲೇ ಮಸೀದಿಯ ಗೇಟಿನ ಹೊರಗೆ ಬೆಂಕಿಕಡ್ಡಿ ಗೀರುವ ಸದ್ದೂ ಕೇಳುತ್ತದೆ. ಹಗಲೆಲ್ಲ ಹಸಿವು, ಬಾಯಾರಿಕೆಗಳನ್ನು ಗೆದ್ದವನು ಸಂಜೆ ಒಂದು ಬೀಡಿಗೆ ಸೋಲುವುದೇಕೆ?

ಇಂಥ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ವೃತ್ತಿಜೀವನ ಕಳೆದ ವಿಜ್ಞಾನಿಗಳಿದ್ದಾರೆ. ಅವರಲ್ಲಿ ಒಬ್ಬರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮರೀನಾ ಪಿಚಿಯೊಟ್ಟೊ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ, 1995ರಲ್ಲಿ ಯೇಲ್ ಸೇರಿದವರು.

ನಮ್ಮ ಮೆದುಳಿನ ಜೀವಕೋಶಗಳ ಮೇಲೆ ಅಲ್ಲಾಹನು ಸಣ್ಣ ಸಣ್ಣ ಬಾಗಿಲುಗಳನ್ನು ಇಟ್ಟಿದ್ದಾನೆ. ಅವುಗಳನ್ನು ತೆರೆಯಲು ಅಸಿಟೈಲ್‌ಕೋಲಿನ್ ಎಂಬ ಕೀಲಿಯನ್ನು ದೇಹವೇ ತಯಾರಿಸುತ್ತದೆ. ನಿಕೋಟಿನ್ ಕಳ್ಳಕೀಲಿಯಂತೆ ಬಂದು ಅದೇ ಬಾಗಿಲನ್ನು ತೆರೆಯುತ್ತದೆ. ಹೊಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ಅದು ಮೆದುಳಿನಲ್ಲಿರುತ್ತದೆ. ಬಾಗಿಲಿನ ‘ಬೀಟಾ-2’ ಎಂಬ ಭಾಗ ಇಲ್ಲದಂತೆ ಬೆಳೆಸಿದ ಇಲಿಗಳ ಮೇಲೆ ಪಿಚಿಯೊಟ್ಟೊ ಮತ್ತು ಸಂಗಡಿಗರು ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದರು. ಸಾಮಾನ್ಯ ಇಲಿಗಳು ನಿಕೋಟಿನ್‌ಗಾಗಿ ಮತ್ತೆ ಮತ್ತೆ ಬರುತ್ತಿದ್ದವು. ಆ ಭಾಗವಿಲ್ಲದ ಇಲಿಗಳಿಗೆ ಅದರ ಹಂಬಲವೇ ಇರಲಿಲ್ಲ. ಚಟದ ಬೇರು ಎಲ್ಲಿದೆ ಎಂಬುದು ಹೀಗೆ ತಿಳಿಯಿತು.

ಸೇದುತ್ತ ಹೋದಂತೆ ಈ ಬಾಗಿಲುಗಳ ಸಂಖ್ಯೆ ಹೆಚ್ಚುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧವಾಗುತ್ತದೆ. ಅಸರ್ ವೇಳೆಗೆ ಬಾಗಿಲುಗಳೆಲ್ಲ ಕೀಲಿಗಾಗಿ ಕಾಯುತ್ತಿರುತ್ತವೆ. ಉಪವಾಸಿಗ ಯಜಮಾನ ಸಂಜೆ ಹೆಂಡತಿ ಮಕ್ಕಳ ಮೇಲೆ ರೇಗುವುದಕ್ಕೆ ಹಸಿವಷ್ಟೇ ಕಾರಣವಲ್ಲ.

ಈ ಬಾಗಿಲುಗಳು ಯಾವಾಗ ಮೊದಲಿನಂತಾಗುತ್ತವೆ? ಸಿಗರೇಟು ಬಿಟ್ಟವರ ಮೆದುಳನ್ನು ಯೇಲ್‌ನ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ನಾಲ್ಕು ವಾರವಾದರೂ ಬಾಗಿಲುಗಳು ಹೆಚ್ಚಾಗಿಯೇ ಇದ್ದವು. ಆರರಿಂದ ಹನ್ನೆರಡು ವಾರಗಳೊಳಗೆ ಸೇದದವರ ಮಟ್ಟಕ್ಕೆ ಬಂದವು.

ಸಹೋದರರೇ, ಈ ಲೆಕ್ಕವನ್ನು ಗಮನಿಸಿ. ರಾತ್ರಿ ಸೇದಿದರೆ ದಿನಗಳ ಎಣಿಕೆ ಶುರುವಾಗುವುದೇ ಇಲ್ಲ. ಆದರೆ ಶವ್ವಾಲ್‌ನ ಚಂದ್ರ ಕಂಡ ಸಂಜೆಯೇ ಪೂರ್ತಿ ಬಿಟ್ಟರೆ, ಬಕ್ರೀದ್‌ಗೆ ಸುಮಾರು ಹತ್ತು ವಾರ. ಹಗಲಿಡೀ ತಡೆಯಬಲ್ಲೆವೆಂದು ರಮಝಾನ್ ತೋರಿಸಿಕೊಟ್ಟಿದೆ. ಉಳಿದಿರುವುದು ಈ ಹತ್ತು ವಾರ. ಮೊದಲ ವಾರವೇ ಅತ್ಯಂತ ಕಠಿಣ: ತಲೆನೋವು, ಸಿಡುಕು, ನಿದ್ದೆಗೇಡು ಬರಬಹುದು. ಅದು ದೇಹ ವಾಸಿಯಾಗುವ ದಾರಿಯೆಂದು ಮನೆಯವರು ಅರಿತು ಸಹಿಸಬೇಕು.

ಚಟ ಬಿಡಲಾಗದವನನ್ನು ಮಸೀದಿಯಲ್ಲಾಗಲಿ ಮನೆಯಲ್ಲಾಗಲಿ ಹೀಯಾಳಿಸಬಾರದು. ಮದ್ಯದ ನಿಷೇಧವೂ ಒಂದೇ ದಿನ ಇಳಿದು ಬರಲಿಲ್ಲ. ಕುರ್‌ಆನ್ ಅದನ್ನು ಹಂತಹಂತವಾಗಿ ಬಿಡಿಸಿತು. ಹಾಗೆಂದು ಮೆದುಳಿನ ಮೇಲೆ ತಪ್ಪು ಹೊರಿಸಿ ಕೂರುವಂತೆಯೂ ಇಲ್ಲ. ದೇಹ ಅಲ್ಲಾಹನ ಅಮಾನತ್ತು. ಅದರ ಲೆಕ್ಕ ಕೊಡಬೇಕಾದವರು ನಾವೇ.

ನಮ್ಮ ನಾಡಿನಲ್ಲಿ ಈ ಮಾತಿಗೆ ಇನ್ನೊಂದು ಮುಖವಿದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ, ಕೆ.ಆರ್.ನಗರದ ಸುತ್ತ ಹೊಗೆಸೊಪ್ಪು ಎಷ್ಟೋ ಮನೆಗಳ ಅನ್ನ. ಸಾಲ, ಬ್ಯಾರನ್, ಹರಾಜಿನ ಚಿಂತೆ ಇರುವವರಿಗೆ ನಾಳೆಯೇ ಬೆಳೆ ಬಿಡಿ ಎನ್ನುವುದು ಸುಲಭವಲ್ಲ. ಆದರೆ ಮಳೆಗೆ, ಇಬ್ಬನಿಗೆ ಒದ್ದೆಯಾದ ಸೊಪ್ಪು ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿಯುತ್ತದೆ. ತಲೆಸುತ್ತು, ವಾಕರಿಕೆ, ವಾಂತಿ ಬರುವುದು ಅದರಿಂದಲೇ. ಆದ್ದರಿಂದ ಮಕ್ಕಳನ್ನು ಸೊಪ್ಪು ಮುರಿಯಲು ಕರೆದೊಯ್ಯಬೇಡಿ. ದೊಡ್ಡವರು ತುಂಬುತೋಳಿನ ಬಟ್ಟೆ, ಕೈಗವಸು ಹಾಕಿಕೊಳ್ಳಿ. ಒದ್ದೆ ಬಟ್ಟೆ ಬದಲಿಸಿ, ಸೋಪಿನಿಂದ ಕೈಕಾಲು ತೊಳೆಯಿರಿ. ಕೂಲಿಗೆ ಬಂದವರ ಆರೋಗ್ಯವೂ ಹೊಲದ ಯಜಮಾನನ ಹೊಣೆ.

ಬಿಡಬೇಕೆನ್ನುವವರು 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಈ ರಾಷ್ಟ್ರೀಯ ಸಹಾಯವಾಣಿಯ ಒಂದು ಕೇಂದ್ರ 2018ರಿಂದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತನಾಡುತ್ತಾರೆ. ಕಡ್ಡಿಪುಡಿ ಹಾಕುವ ತಾಯಂದಿರಿಗೂ ಈ ಸಹಾಯ ಸಿಗುತ್ತದೆ. ಬಿಟ್ಟು ಮತ್ತೆ ಶುರು ಮಾಡಿದವರು ಸಂಕೋಚಪಡದೆ ಪುನಃ ಪ್ರಯತ್ನಿಸಲಿ.

ಅಲ್ಲಾಹನು ನಮ್ಮ ಉಪವಾಸಗಳನ್ನು ಸ್ವೀಕರಿಸಲಿ. ರಮಝಾನ್‌ನಲ್ಲಿ ಕೊಟ್ಟ ತಾಳ್ಮೆಯನ್ನು ಬಕ್ರೀದ್‌ವರೆಗೂ, ಅದರಾಚೆಗೂ ನಮ್ಮಲ್ಲಿ ಉಳಿಸಲಿ. ಆಮೀನ್.