ಬೆಟ್ಟಕ್ಕೊಂದು ಗಟ್ಟಿ ವಾಚು



ಮಳೆಗಾಲ ಮುಗಿದು ಹಾದಿ ಒಣಗುತ್ತಿದ್ದಂತೆ ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳ್ ಕಡೆಗೆ ಹೊರಡುವವರ ಸಾಲು ಶುರುವಾಗುತ್ತದೆ. ಚಾರಣಕ್ಕೆ ಎಂಥ ವಾಚು ಕೊಳ್ಳಬೇಕು ಎಂಬ ಪ್ರಶ್ನೆಯೂ ಆಗಲೇ ಏಳುತ್ತದೆ. ಅಂಗಡಿಯವರನ್ನು ಕೇಳಿದರೆ ಎತ್ತರ, ದಿಕ್ಕು, ಹವೆ, ತಾಪಮಾನ, ಐದು ಅಲಾರಂ, ಲೋಕದ ಹತ್ತಾರು ಊರುಗಳ ಸಮಯ ಎಂದು ಬೆರಳು ಮಡಿಸುತ್ತಾ ಹೋಗುತ್ತಾರೆ. ಕುಮಾರಪರ್ವತದ ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಅಂಗಳದಲ್ಲಿ ಏದುಸಿರು ಬಿಡುತ್ತಾ ಕೂತವರಿಗೆ ನ್ಯೂಯಾರ್ಕಿನಲ್ಲಿ ಈಗ ಎಷ್ಟು ಗಂಟೆಯಾದರೆ ಏನು? ಬೆಟ್ಟದಲ್ಲಿ ಬೇಕಾದ ಲೆಕ್ಕ ಎರಡೇ: ಇನ್ನೆಷ್ಟು ಹತ್ತಬೇಕು, ಇನ್ನೆಷ್ಟು ಹೊತ್ತು ಬೆಳಕಿರುತ್ತದೆ. ಇವೆರಡನ್ನೂ ನಂಬುವಂತೆ ಹೇಳಿದರೆ ಅದು ಒಳ್ಳೆಯ ವಾಚು. ಉಳಿದದ್ದು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಮೊದಲು ಗಟ್ಟಿತನದ ಮಾತು. ಜಪಾನಿನ ಕ್ಯಾಸಿಯೊ ಕಂಪನಿಯ ಎಂಜಿನಿಯರ್ ಕಿಕುವೊ ಇಬೆ, ಬಿದ್ದರೂ ಒಡೆಯದ ವಾಚು ಮಾಡಬೇಕೆಂದು ಹಟ ಹಿಡಿದು, ತಾನು ಮಾಡಿದ ಮಾದರಿಗಳನ್ನು ಕಚೇರಿಯ ಶೌಚಾಲಯದ ಕಿಟಕಿಯಿಂದ ಕೆಳಕ್ಕೆ ಬಿಟ್ಟು ಪರೀಕ್ಷಿಸುತ್ತಿದ್ದರು. ಇನ್ನೂರಕ್ಕೂ ಹೆಚ್ಚು ಮಾದರಿಗಳು ಹಾಗೆ ಪುಡಿಯಾದ ಮೇಲೆ 1983ರಲ್ಲಿ ಜಿ-ಶಾಕ್ ಮಾರುಕಟ್ಟೆಗೆ ಬಂತು. ಒಳಗಿನ ಯಂತ್ರವನ್ನು ಕವಚಕ್ಕೆ ಪೂರ್ತಿ ಅಂಟಿಸದೆ, ಕೆಲವೇ ಕಡೆ ತಾಗುವಂತೆ ಇಟ್ಟದ್ದು ಅದರ ಗುಟ್ಟು. ಈ ಹೆಸರನ್ನು ಪ್ರಚಾರಕ್ಕಾಗಿ ಹೇಳುತ್ತಿಲ್ಲ. ಈಗ ಹಲವು ಕಂಪನಿಗಳು ಇಂಥ ವಾಚು ಮಾಡುತ್ತವೆ. ನೀವು ನೋಡಬೇಕಾದದ್ದು ಇಷ್ಟು: ಸುತ್ತಲಿನ ಅಂಚು ಗಾಜಿಗಿಂತ ತುಸು ಮೇಲೆದ್ದಿರಬೇಕು, ಬಂಡೆಗೆ ತಾಗಿದರೆ ಪೆಟ್ಟು ಅಂಚಿಗೆ ಬೀಳಬೇಕು. ಡಬ್ಬದ ಮೇಲೆ ‘ಮಿಲಿಟರಿ ಸ್ಟ್ಯಾಂಡರ್ಡ್ 810’ ಎಂದು ಬರೆದಿದ್ದರೆ ಮರುಳಾಗಬೇಡಿ. ಅದು ಅಮೆರಿಕದ ಸೇನೆ ರೂಪಿಸಿದ ಪರೀಕ್ಷಾ ವಿಧಾನಗಳ ಒಂದು ದೊಡ್ಡ ಪಟ್ಟಿ. ಅದರಲ್ಲಿ ಯಾವ ಪರೀಕ್ಷೆ ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳಬಹುದು. ಸೇನೆ ಬಂದು ಮುದ್ರೆ ಒತ್ತುವುದಿಲ್ಲ.

ನೀರಿನ ವಿಷಯದಲ್ಲೂ ಹೀಗೇ. ‘30 ಮೀಟರ್’ ಎಂದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದಲ್ಲ. ಕೈ ತೊಳೆಯುವಾಗ ಸಿಡಿಯುವ ನೀರು, ತುಂತುರು ಮಳೆ, ಅಷ್ಟಕ್ಕೆ ಮಾತ್ರ. ಮಲೆನಾಡಿನ ಮಳೆಗೂ ಹೊಳೆ ದಾಟುವುದಕ್ಕೂ 100 ಮೀಟರ್, ಅಂದರೆ 10 ಬಾರ್ ಎಂದು ಬರೆದದ್ದನ್ನೇ ತೆಗೆದುಕೊಳ್ಳಿ. ನೀರಿನೊಳಗೆ ಬಟನ್ ಒತ್ತಬೇಡಿ. ಸೆಲ್ ಬದಲಾಯಿಸುವಾಗ ಹಿಂದಿನ ಮುಚ್ಚಳದ ರಬ್ಬರ್ ರಿಂಗನ್ನು ನೋಡಿಸಿ. ರಸ್ತೆ ಬದಿಯಲ್ಲಿ ಎರಡು ನಿಮಿಷದಲ್ಲಿ ಸೆಲ್ ಹಾಕಿಸಿಕೊಂಡು ಬಂದ ವಾಚಿನೊಳಗೆ ಮೊದಲ ಮಳೆಗೇ ಆವಿ ಕಟ್ಟುವುದು ಆ ರಿಂಗ್ ಸರಿಯಾಗಿ ಕೂರದೆ. ಚರ್ಮದ ಬೆಲ್ಟು ಬೆವರಿಗೂ ಮಳೆಗೂ ಕೊಳೆಯುತ್ತದೆ, ಬೇಡವೇ ಬೇಡ.

ಈಗ ಮುಖ್ಯ ಸಂಗತಿಗೆ ಬರೋಣ, ಎತ್ತರ. ಇಂಥ ಬಹುಪಾಲು ವಾಚುಗಳು ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಗಾಳಿಯ ಒತ್ತಡ ಅಳೆದು, ಅದರಿಂದ ಎತ್ತರ ಲೆಕ್ಕ ಹಾಕುತ್ತವೆ. ಮೇಲೇರಿದಂತೆ ಒತ್ತಡ ಇಳಿಯುತ್ತದೆ. ಕುಮಾರಪರ್ವತದ ಬುಡದಲ್ಲಿರುವ ಕುಕ್ಕೆ ಸುಬ್ರಹ್ಮಣ್ಯದ ಮಟ್ಟದಲ್ಲಿ ಸುಮಾರು ಎಂಟೂವರೆ ಮೀಟರ್ ಏರಿದರೆ ಒಂದು ಮಿಲಿಬಾರ್ ಕಡಿಮೆ, ಬೆಟ್ಟದ ತುದಿಯಲ್ಲಿ ಸುಮಾರು ಹತ್ತು ಮೀಟರಿಗೆ ಒಂದು. ಆದರೆ ನಾವು ಏರದೆ ಇಳಿಯದೆ ಕೂತಿದ್ದರೂ ಒತ್ತಡ ಬದಲಾಗುತ್ತದೆ. ನಮ್ಮಂಥ ಉಷ್ಣವಲಯದ ನಾಡಿನಲ್ಲಿ ಅದು ದಿನಕ್ಕೆರಡು ಬಾರಿ ಏರಿಳಿಯುತ್ತದೆ: ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಕಡಿಮೆ, ಮತ್ತೆ ರಾತ್ರಿ ಹತ್ತಕ್ಕೆ ಹೆಚ್ಚು, ಬೆಳಗಿನ ಜಾವ ಕಡಿಮೆ. ಹಗಲಿನ ಇಳಿತವೇ ಮೂರು ನಾಲ್ಕು ಮಿಲಿಬಾರ್ ಇರುತ್ತದೆ. ವಾಚನ್ನು ಮನೆಯ ಕಪಾಟಿನ ಮೇಲಿಟ್ಟು ಬೆಳಗ್ಗೆ ಹತ್ತಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ನೋಡಿ. ಮನೆ ಮೂವತ್ತು ಮೀಟರ್ ಮೇಲೇರಿರುತ್ತದೆ! ವಾಚು ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ, ಕೆಟ್ಟಿಲ್ಲ.

ಆದ್ದರಿಂದ ಹೊರಡುವ ಮೊದಲು, ಎತ್ತರ ಗೊತ್ತಿರುವ ಜಾಗದಲ್ಲಿ ನಿಂತು ವಾಚನ್ನು ಆ ಅಂಕಿಗೆ ಹೊಂದಿಸಬೇಕು. ದಾರಿಯಲ್ಲಿ ಎತ್ತರ ಬರೆದ ಫಲಕವೋ ನಕ್ಷೆಯಲ್ಲಿ ಗುರುತಿರುವ ಜಾಗವೋ ಸಿಕ್ಕಾಗಲೆಲ್ಲ ಮತ್ತೆ ಹೊಂದಿಸಬೇಕು. ಕೊಳ್ಳುವಾಗ ಇದನ್ನೇ ಪರೀಕ್ಷಿಸಿ: ಎತ್ತರ ತಿದ್ದಲು ಎಷ್ಟು ಬಾರಿ ಬಟನ್ ಒತ್ತಬೇಕು? ಪುಸ್ತಿಕೆ ತೆರೆಯದೆ ಆಗದು ಎನ್ನುವಂತಿದ್ದರೆ ಬೆಟ್ಟದ ಮೇಲೆ ನೀವು ಅದನ್ನು ತಿದ್ದುವುದಿಲ್ಲ.

ಸರಿಯಾಗಿ ಹೊಂದಿಸಿದರೆ ಎಂಥ ಉಪಕಾರ ನೋಡಿ. ಕುಕ್ಕೆ ಸಮುದ್ರಮಟ್ಟದಿಂದ 120 ಮೀಟರಿನ ಆಸುಪಾಸು, ಕುಮಾರಪರ್ವತ 1,712. ಬೆಳಗ್ಗೆ ಆರಕ್ಕೆ ಹೊರಟಿರಿ, ಏಳಕ್ಕೆ ವಾಚು 420 ತೋರಿಸಿತು ಅನ್ನಿ. ಗಂಟೆಗೆ ಮುನ್ನೂರು ಮೀಟರ್ ಏರಿದಿರಿ. ಉಳಿದದ್ದು ಸುಮಾರು 1,290, ಅಂದರೆ ಇದೇ ವೇಗದಲ್ಲಿ ಇನ್ನೂ ನಾಲ್ಕೂಕಾಲು ಗಂಟೆ. ತುದಿಗೆ ಮುಂಚೆ ಸಿಗುವ ಶೇಷಪರ್ವತ ತಲುಪುವಷ್ಟರಲ್ಲಿ ಕಾಲು ಸೋತು ವೇಗ ಇಳಿಯುವುದು ಖಚಿತ, ಅದನ್ನೂ ಸೇರಿಸಿಕೊಳ್ಳಿ. ಸ್ಕಾಟ್‌ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ವಿಶ್ರಾಂತಿಯ ಹೊತ್ತು ಇದರಲ್ಲಿ ಸೇರಿಲ್ಲ. ನಮ್ಮ ಬಿಸಿಲಿಗೆ ಈ ಸೂತ್ರ ಕೊಡುವ ಹೊತ್ತು ತುಸು ಕಡಿಮೆಯೇ ಎನ್ನಬೇಕು.

ಈ ಲೆಕ್ಕಕ್ಕೆ ಅಲಾರಂ ಜೊತೆಯಾಗಬೇಕು. ಎಲ್ಲೇ ಇರಿ, ಇಷ್ಟು ಗಂಟೆಗೆ ಹಿಂದಿರುಗಬೇಕು ಎಂದು ಹೊರಡುವ ಮೊದಲೇ ನಿಶ್ಚಯಿಸಿ ಅಲಾರಂ ಇಡಿ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮುಂಚೆ ಕತ್ತಲಾಗುತ್ತದೆ. ಸೂರ್ಯಾಸ್ತದ ಸಮಯ ತೋರಿಸುವ ವಾಚಾದರೆ ಬಹಳ ಒಳ್ಳೆಯದು.

ಮಳೆ ಬರುತ್ತದೆಂದು ವಾಚಿನ ಬ್ಯಾರೋಮೀಟರ್, ಅಂದರೆ ಒತ್ತಡಮಾಪಕ, ಮೊದಲೇ ಹೇಳುತ್ತದಲ್ಲ ಎಂದು ಕೇಳುತ್ತೀರಿ. ತಂಪು ದೇಶಗಳಲ್ಲಿ ಅದು ನಿಜಕ್ಕೂ ಉಪಯೋಗಿ. ನಮ್ಮಲ್ಲಿ ಮಧ್ಯಾಹ್ನದ ಇಳಿತ ನಿತ್ಯದ್ದು, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ನಿನ್ನೆ ಇದೇ ಗಂಟೆಗೆ, ಇದೇ ಜಾಗದಲ್ಲಿ ಎಷ್ಟಿತ್ತು ಎಂದು ಹೋಲಿಸಿದರೆ ಮಾತ್ರ ಅರ್ಥವುಂಟು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸುಳಿವು ವಾಚಿಗಿಂತ ಆಕಾಶದಲ್ಲೇ ಮೊದಲು ಸಿಗುತ್ತದೆ. ಗುಡುಗು ಕೇಳಿದ ಕೂಡಲೇ ಬೋಳು ಶಿಖರ ಬಿಟ್ಟು ಇಳಿಯಿರಿ.

ಡಿಜಿಟಲ್ ದಿಕ್ಸೂಚಿ ಇರಲಿ, ಬೇಕಾಗುತ್ತದೆ. ಮುಳ್ಳಿನ ಗಡಿಯಾರವನ್ನು ಸೂರ್ಯನ ಕಡೆ ಹಿಡಿದು ದಿಕ್ಕು ಹುಡುಕುವ ಹಳೆಯ ಉಪಾಯ, ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲೇ ಬರುವ ನಮ್ಮ ನಾಡಿಗೆ ಹೊಂದುವುದಿಲ್ಲ. ಹೊರಡುವ ಮುನ್ನ ದಿಕ್ಸೂಚಿಯನ್ನು ಪುಸ್ತಿಕೆಯಲ್ಲಿ ಹೇಳಿದಂತೆ ತಿರುಗಿಸಿ ಸರಿಪಡಿಸಿಕೊಳ್ಳಿ. ಮೊಬೈಲ್, ಚಾಕು, ಅಯಸ್ಕಾಂತವಿರುವ ಚೀಲದ ಗುಂಡಿ ಹತ್ತಿರವಿದ್ದರೆ ಅದು ದಾರಿ ತಪ್ಪಿಸುತ್ತದೆ. ಕುದುರೆಮುಖದ ಕಡೆ ಇನ್ನೂ ಎಚ್ಚರ ಬೇಕು. ಅಲ್ಲಿ ದಶಕಗಳ ಕಾಲ ಗಣಿ ಮಾಡಿ ತೆಗೆದದ್ದು ಮ್ಯಾಗ್ನೆಟೈಟ್, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅದಿರು. ಅಂಥ ಬಂಡೆಯ ಮೇಲೆ ಕೂತು ದಿಕ್ಕು ನೋಡಬೇಡಿ, ದೂರ ಸರಿದು ಮತ್ತೊಮ್ಮೆ ನೋಡಿ. ಇನ್ನು ತಾಪಮಾನ: ಕೈಯಲ್ಲಿ ಕಟ್ಟಿದ್ದರೆ ಅದು ನಿಮ್ಮ ಮೈ ಬಿಸಿಯನ್ನೇ ತೋರಿಸುತ್ತದೆ. ಬಿಚ್ಚಿಟ್ಟು ಅರ್ಧ ಗಂಟೆ ಕಾಯುವ ತಾಳ್ಮೆ ಇರುವವರಿಗೆ ಮಾತ್ರ ಅದು.

ಜಿಪಿಎಸ್ ವಾಚು ಬೇಕೇ? ನಡೆದ ದಾರಿಯ ಜಾಡು ಉಳಿಯುತ್ತದೆ, ದಾರಿ ತಪ್ಪಿದರೆ ಅದೇ ಜಾಡಿನಲ್ಲಿ ಹಿಂದಿರುಗಬಹುದು. ಅದು ನಿಜವಾದ ಲಾಭ. ಆದರೆ ಚಾರ್ಜು ಮುಗಿಯುತ್ತದೆ, ದಟ್ಟ ಕಾಡಿನ ಕೆಳಗೆ ಲೆಕ್ಕ ಅತ್ತಿತ್ತ ಜರುಗುತ್ತದೆ. ಬಿಸಿಲಿನಿಂದಲೇ ಚಾರ್ಜ್ ಆಗುವ, ಒತ್ತಡದಿಂದ ಎತ್ತರ ಹೇಳುವ ವಾಚು ನನಗೆ ಹೆಚ್ಚು ಒಪ್ಪಿಗೆ. ವಿದೇಶದಿಂದ ತರಿಸುವವರು ಇನ್ನೊಂದನ್ನು ಗಮನಿಸಬೇಕು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣಗಳನ್ನು ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಜಿಪಿಎಸ್ ಸಂಕೇತವನ್ನು ಬರೀ ಸ್ವೀಕರಿಸುವ ವಾಚಿಗೆ ಈ ತೊಡಕಿಲ್ಲ. ತರಿಸುವ ಮೊದಲು ಎರಡರಲ್ಲಿ ಯಾವುದು ಎಂದು ಕೇಳಿ ತಿಳಿದುಕೊಳ್ಳಿ.

ವರ್ಷಕ್ಕೊಮ್ಮೆ ಗುಂಪಿನ ಜೊತೆ, ಮಾರ್ಗದರ್ಶಿಯ ಹಿಂದೆ ಬೆಟ್ಟ ಹತ್ತುವವರಿಗೆ ಇಷ್ಟೆಲ್ಲ ಬೇಡ. ಅಲಾರಂ, ಸ್ಟಾಪ್‌ವಾಚು, ಕತ್ತಲಲ್ಲಿ ಕಾಣುವ ದೀಪ, ನೀರಿಗೆ ತಡೆ ಇರುವ ಅಗ್ಗದ ಡಿಜಿಟಲ್ ವಾಚು ಧಾರಾಳವಾಗಿ ಸಾಕು. ಉಳಿದ ದುಡ್ಡಿನಲ್ಲಿ ಒಳ್ಳೆಯ ಶೂ ಕೊಳ್ಳಿ. ಎತ್ತರ, ದಿಕ್ಕು ಅಳೆಯುವ ಸೆನ್ಸರ್ ಇರುವುದನ್ನೇ ಕೊಳ್ಳುವುದಾದರೆ ತಿಳಿ ಬಣ್ಣದ ಹಿನ್ನೆಲೆಯಲ್ಲಿ ಕಪ್ಪು ಅಂಕಿ ಇರುವ ಪರದೆಯನ್ನು ಆರಿಸಿ. ಕಪ್ಪು ಪರದೆಯ ಮೇಲೆ ಬಿಳಿ ಅಂಕಿ ನೋಡಲು ಚೆಂದ, ಮುಸ್ಸಂಜೆಗೆ ಕಾಣುವುದಿಲ್ಲ. ಬಿಲ್ಲು ತೆಗೆದುಕೊಳ್ಳಿ, ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಮೊಹರು ಹಾಕಿಸಿ. ಮತ್ತೆ, ಮೊದಲ ಚಾರಣಕ್ಕೆ ಒಂದು ವಾರ ಮುಂಚೆಯೇ ವಾಚನ್ನು ಕಟ್ಟಿಕೊಂಡು ಮನೆಯ ಹತ್ತಿರದ ಯಾವುದಾದರೂ ಗುಡ್ಡ ಹತ್ತಿ ಇಳಿಯಿರಿ.