ಹಿರಿಯರ ಬಾಯಲ್ಲಿ ನಲವತ್ತೆಂಟರ ಗದ್ದಲ

(ಜಾತ್ರಾ ಮಹೋತ್ಸವದ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಆಡುವ ಜಾಣ ಮಕ್ಕಳು ನಮ್ಮವರು. ಉದಗೀರದ ಕಾಳಗ ಯಾವಾಗ ಎಂದರೆ 1760 ಎಂದು ಥಟ್ಟನೆ ಹೇಳುತ್ತಾರೆ. 1948ರಲ್ಲಿ ನಿಮ್ಮ ಊರಲ್ಲಿ ಏನಾಯಿತು ಎಂದರೆ ಮುಖ ಮುಖ ನೋಡುತ್ತಾರೆ. 1760ನ್ನು ಕಂಡವರು ಯಾರೂ ಉಳಿದಿಲ್ಲ. 1948ನ್ನು ಕಂಡವರು ಇನ್ನೂ ಕೆಲವರು ನಮ್ಮ ಪಡಸಾಲೆಗಳಲ್ಲಿ ಕೂತಿದ್ದಾರೆ. ಆಗ ಹತ್ತು ವರ್ಷದವರಿಗೆ ಈಗ ತೊಂಬತ್ತರ ಹತ್ತಿರ. ಒಂದೊಂದು ಜಾತ್ರೆಗೆ ಒಬ್ಬೊಬ್ಬರು ಕಡಿಮೆಯಾಗುತ್ತಿದ್ದಾರೆ.

ಸ್ವಾತಂತ್ರ್ಯ ಬಂದಾಗ ನಮಗೆ ಬರಲಿಲ್ಲ, ನಾವು ನಿಜಾಮರ ಸೀಮೆಯವರು. 1947ರ ನವೆಂಬರ್‌ನಲ್ಲಿ ಯಥಾಸ್ಥಿತಿ ಒಪ್ಪಂದವಾಯಿತು. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳನ್ನು ಸುಟ್ಟರು, ಸುಲಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಕೊಲೆಗಳನ್ನು ಆ ಭಾಗದವರು ಇಂದಿಗೂ ಮರೆತಿಲ್ಲ. ಅಂಜಿದ ಎಷ್ಟೋ ಕುಟುಂಬಗಳು ಸೋಲಾಪುರದ ಕಡೆ ಗಡಿ ದಾಟಿದವು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೋಲಾಪುರದಿಂದ ಹೊರಟು, ನಳದುರ್ಗದಲ್ಲಿ ಬೋರಿ ನದಿಯ ಸೇತುವೆ ಹಿಡಿದು, ಅದೇ ದಿನ ಮಧ್ಯಾಹ್ನ ಉಮರ್ಗಾ ಮುಟ್ಟಿತು. ಇಂದು ನಾವು ಹೈದರಾಬಾದಿಗೆ ಬಸ್ಸು ಹತ್ತುವ ದಾರಿಯೇ ಅದು. 17ರಂದು ನಿಜಾಮರು ಸೋಲೊಪ್ಪಿದರು.

ಇಷ್ಟು ಎಲ್ಲರೂ ಹೇಳುತ್ತಾರೆ. ಮುಂದಿನದ್ದಕ್ಕೆ ಸಭೆಗಳಲ್ಲಿ ದನಿ ತಗ್ಗುತ್ತದೆ. ಸೈನ್ಯ ಬಂದ ಮೇಲೆ ಸೇಡಿನ ಗಾಳಿ ಬೀಸಿತು. ರಜಾಕಾರರ ಹೆಸರೂ ಕೇಳದ ಬಡ ಮುಸಲ್ಮಾನರು ಸತ್ತರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಅದೇ ವರ್ಷದ ಕೊನೆಗೆ ಬಂದು ವಿಚಾರಿಸಿತು. ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಆ ಲೆಕ್ಕದ ಬಗ್ಗೆ ಈಗಲೂ ವಾದವಿದೆ. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ಆಗ ಉಮರ್ಗಾ ಉಸ್ಮಾನಾಬಾದಿನಲ್ಲಿತ್ತು, ಉದಗೀರ ನಿಲಂಗಾ ಬೀದರದಲ್ಲಿದ್ದವು. ಅಂದರೆ ನಮ್ಮದೇ ಊರುಗಳು. ಮುಸಲ್ಮಾನ ನೆರೆಯವರನ್ನು ಕಾಪಾಡಿದ ಹಿಂದೂಗಳ ಸಂಗತಿಯೂ ಆ ವರದಿಯಲ್ಲಿದೆ. ದಶಕಗಳ ಕಾಲ ಅದು ಜನರ ಕೈಗೆ ಬರಲಿಲ್ಲ.

ಹೆಸರೂ ಒಂದಲ್ಲ. ಸೈನ್ಯದ ಕಾಗದದಲ್ಲಿ ಆಪರೇಷನ್ ಪೋಲೋ, ಸರ್ಕಾರದ ಬಾಯಲ್ಲಿ ಪೊಲೀಸ್ ಆ್ಯಕ್ಷನ್. ಟ್ಯಾಂಕು, ವಿಮಾನ ಬಂದದ್ದಕ್ಕೆ ಪೊಲೀಸ್ ಎಂದು ಹೆಸರು! ಸೆಪ್ಟೆಂಬರ್ 17 ಇಲ್ಲಿ ಮರಾಠವಾಡಾ ಮುಕ್ತಿ ಸಂಗ್ರಾಮ ದಿನ, ಗಡಿಯಾಚೆ ಕಲ್ಯಾಣ ಕರ್ನಾಟಕ ಉತ್ಸವ. ಸ್ವಾಮಿ ರಮಾನಂದ ತೀರ್ಥರ ಫೋಟೊಕ್ಕೆ ಹಾರ ಹಾಕುತ್ತೇವೆ. ಅವರು ಹಿಪ್ಪರಗಾದಲ್ಲಿ ಶಾಲಾ ಮಾಸ್ತರರಾಗಿದ್ದವರು ಎಂಬುದನ್ನು ಮಕ್ಕಳಿಗೆ ಯಾರು ಹೇಳಬೇಕು?

ಅದಕ್ಕೇ ನಾವು ಕೆಲವು ಶಿಕ್ಷಕರು ಮಕ್ಕಳ ಕೈಗೆ ವಹಿ ಕೊಟ್ಟು ಹಿರಿಯರ ಬಳಿ ಕಳಿಸುತ್ತಿದ್ದೇವೆ. ಹೋದ ಕೂಡಲೇ ಯಾರು ಸತ್ತರು, ಯಾರು ಕೊಂದರು ಎಂದು ಕೇಳಕೂಡದು. ಹೊಲದಲ್ಲಿ ಜೋಳ ಎಷ್ಟೆತ್ತರ ಇತ್ತು ಆಯಿ? ಹಗೇವಿನ ಕಾಳು ಏನು ಮಾಡಿದಿರಿ? ದನ ಯಾರಿಗೆ ಒಪ್ಪಿಸಿ ಓಡಿದಿರಿ? ಹೀಗೆ ಕೇಳಿದರೆ ಮಾತು ತಾನೇ ಬರುತ್ತದೆ. ಕಣ್ಣಾರೆ ಕಂಡದ್ದನ್ನು ಒಂದು ಪುಟದಲ್ಲಿ, ಕೇಳಿದ್ದನ್ನು ಎದುರು ಪುಟದಲ್ಲಿ ಬರೆಯಬೇಕು. ಅವರು ಯಾವ ಭಾಷೆಯಲ್ಲಿ ಹೇಳಿದರೋ ಅದೇ ಭಾಷೆಯಲ್ಲಿ ಬರೆಯಬೇಕು. ಮುದುಕಿ ನಡುವೆ ಸುಮ್ಮನಾದರೆ ಮಗುವೂ ಸುಮ್ಮನಿರಬೇಕು. ಹೆಣ್ಣುಮಕ್ಕಳ ಕಷ್ಟ ಕೆದಕಿ ಕೇಳುವ ಹಕ್ಕು ನಮಗಿಲ್ಲ. ಮತ್ತೆ, ನಮ್ಮ ಗಲ್ಲಿಯಲ್ಲಷ್ಟೇ ಕೇಳಿ ಬಂದರೆ ವಹಿ ಅರ್ಧವೇ ತುಂಬುತ್ತದೆ. ಮಸೀದಿ ಓಣಿಯ ಅಜ್ಜನ ಬಳಿಯೂ ಕೂತು ಬರಬೇಕು. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಬರೆಯಬೇಕು, ತಿದ್ದಕೂಡದು.

"ಮಾಸ್ತರರೇ, ಆರಿದ ಗಾಯ ಯಾಕೆ ಕೆರೆಯುತ್ತೀರಿ?" ಎಂದು ಸಮಿತಿಯ ಕೆಲ ಹಿರಿಯರು ಕೇಳಿದರು. ಅವರ ಅಂಜಿಕೆ ಸುಳ್ಳಲ್ಲ. ಆದರೆ ನಾವು ಹೇಳದಿದ್ದರೂ ಮಕ್ಕಳು ಕೇಳಿಯೇ ಕೇಳುತ್ತಾರೆ. ಮೊಬೈಲಿನಲ್ಲಿ ಬರುವ ಕಥೆಗೆ ಹೇಳಿದವರ ಹೆಸರಿಲ್ಲ, ಊರಿಲ್ಲ. ಅಜ್ಜಿ ಹೇಳಿದ್ದಕ್ಕೆ ಅವಳ ಮುಖವಿದೆ. ಅವಳನ್ನು ಮರುದಿನ ಹೋಗಿ ಮತ್ತೆ ಕೇಳಬಹುದು. ಓಡಿಹೋದವರ ದನ ಮೇಯಿಸಿದವರ, ಮನೆಯ ಅಟ್ಟದ ಮೇಲೆ ನೆರೆಯವರನ್ನು ಬಚ್ಚಿಟ್ಟವರ ಹೆಸರು ಯಾವ ಪಾಠಪುಸ್ತಕದಲ್ಲೂ ಸಿಗುವುದಿಲ್ಲ.

ಮಹಾಪ್ರಸಾದದ ನಂತರ ಎಂಟನೆಯ, ಒಂಬತ್ತನೆಯ ವರ್ಗದ ಮಕ್ಕಳು ಪೌಳಿಯ ಬಡಗಣ ಬದಿಗೆ ವಹಿ ಹಿಡಿದು ಕೂಡುತ್ತಾರೆ. ಎಂಬತ್ತೈದು ದಾಟಿದವರು ನಿಮ್ಮ ಮನೆಯಲ್ಲಿದ್ದರೆ ಊರು, ಓಣಿ ಬರೆಸಿ ಹೋಗಿ. ನಡೆಯಲಾರದವರ ಮನೆಗೆ ಮಕ್ಕಳೇ ಬರುತ್ತಾರೆ. ಅವರಿಗೆ ಒಂದು ಲೋಟ ನೀರು ಕೊಟ್ಟರೆ ಸಾಕು.