ಮುಖ, ಹೆಸರು, ಕಾಗದ, ಮನೆ



ತಾರತಮ್ಯವೆಂಬುದು ಎಲ್ಲರಿಗೂ ಒಂದೇ ಬಗೆಯದು ಎಂದುಕೊಂಡರೆ ಯಾರ ನೋವೂ ನಮಗೆ ಸರಿಯಾಗಿ ಕಾಣುವುದಿಲ್ಲ.

ಯಲ್ಲಾಪುರದ ಸಿದ್ದಿ ಹುಡುಗ ಬೆಂಗಳೂರಿಗೆ ಬಂದರೆ ಅವನ ಕನ್ನಡಕ್ಕಿಂತ ಮೊದಲು ಮುಖ ಮಾತಾಡುತ್ತದೆ. 'ಯಾವ ದೇಶ ನಿಂದು?' ಎಂದು ಕೇಳುತ್ತಾರೆ. ಅವನ ಪೂರ್ವಜರು ಆಫ್ರಿಕಾದಿಂದ ಬಂದು ಶತಮಾನಗಳೇ ಕಳೆದಿವೆ. ತನ್ನ ನಾಡಿನಲ್ಲೇ ಅವನು ಪರದೇಶಿ.

ಮುಸ್ಲಿಂ ಹುಡುಗಿಗೆ ಅಡ್ಡ ಬರುವುದು ಹೆಸರು. ಫೋನಿನಲ್ಲಿ ಬಾಡಿಗೆ, ಅಡ್ವಾನ್ಸು, ನೀರಿನ ವಿಚಾರ ಎಲ್ಲ ಮುಗಿದಿರುತ್ತದೆ. 'ಅಂದ ಹಾಗೆ ನಿಮ್ಮ ಹೆಸರೇನಮ್ಮಾ?' ಹೆಸರು ಹೇಳುತ್ತಾಳೆ. 'ಅಯ್ಯೋ, ಮನೆ ಬೆಳಿಗ್ಗೆ ತಾನೇ ಬೇರೆಯವರಿಗೆ ಆಯ್ತಲ್ಲ.' ಯಾರೂ ಬೈಯಲಿಲ್ಲ, ದನಿ ಏರಿಸಲಿಲ್ಲ. ದೂರು ಕೊಡೋಣವೆಂದರೆ ಯಾವ ಪುರಾವೆ ತೋರಿಸುವುದು?

ದಲಿತ ಕ್ರೈಸ್ತರನ್ನು ತಡೆಯುವುದು ಕಾನೂನಿನ ಕಾಗದ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು, ಕ್ರೈಸ್ತರೂ ಮುಸ್ಲಿಮರೂ ಹೊರಗುಳಿದರು. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತಿಲ್ಲ. ಹಾಗಾಗಿ 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿಗೆ ಸೇರಿದಾಗ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳೆಲ್ಲರಿಗೂ ಅದು ದಕ್ಕಿತು. ದಲಿತ ಕ್ರೈಸ್ತನನ್ನು ಊರು ಹಳೆಯ ಜಾತಿಯಿಂದಲೇ ಗುರುತಿಸಿ ದೂರವಿಡುತ್ತದೆ; ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಆಸರೆ ಬೇಕೆಂದರೆ ಮಾತ್ರ ಅವನು ಆ ಜಾತಿಯವನಲ್ಲ. ಇದು ನನ್ನನ್ನು ಬಹಳ ಕಾಡುವ ಅನ್ಯಾಯ.

ಇವರೆಲ್ಲರಿಗೂ ಒಂದು ಆಸರೆಯುಂಟು. ಹೊರಗೆ ಏಟು ತಿಂದು ಬಂದ ಮಗುವಿಗೆ ಮನೆಯಲ್ಲಿ ಅಮ್ಮ ಇದ್ದಾಳೆ. ಅವಳೂ ಅದೇ ಮಾತು ಕೇಳಿ ಬೆಳೆದವಳು. ಹೇಗೆ ತಡೆದುಕೊಳ್ಳಬೇಕೆಂದು ಹೇಳಿಕೊಡಬಲ್ಲಳು. ಲಿಂಗತ್ವ ಅಲ್ಪಸಂಖ್ಯಾತ ಮಗುವಿಗೆ ಎಷ್ಟೋ ಸಲ ಅದೂ ಇಲ್ಲ. ಮೊದಲ ಏಟು ಬೀಳುವುದೇ ಮನೆಯಲ್ಲಿ. ಅಪ್ಪನ ಬೆಲ್ಟು, ಅಣ್ಣನ ನಾಚಿಕೆ, 'ನೆಂಟರ ಮುಂದೆ ಬರಬೇಡ' ಎಂಬ ಅಪ್ಪಣೆ. ಓಡಿಹೋದ ಮಗುವಿಗೆ ಅನ್ನ ಹಾಕಿ, ಹೆಸರಿಟ್ಟು, ಮಗಳೇ ಎನ್ನುವವರು ಹಮಾಮಿನ, ಅಂದರೆ ಲಿಂಗತ್ವ ಅಲ್ಪಸಂಖ್ಯಾತರು ಒಟ್ಟಾಗಿ ಬಾಳುವ ಮನೆಯ, ಹಿರಿಯರು. ರಕ್ತಸಂಬಂಧ ಕೈಬಿಟ್ಟಲ್ಲಿ ಆ ಸಂಬಂಧ ಜೀವ ಉಳಿಸಿದೆ. ಅದನ್ನು ಗೌರವದಿಂದಲೇ ನೆನೆಯುತ್ತೇನೆ.

ಕರ್ನಾಟಕ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಮೀಸಲಾತಿ ಕೊಟ್ಟಿತು. ಸ್ವಾಗತಾರ್ಹ. ಆದರೆ ಎಂಟನೇ ತರಗತಿಗೇ ಮನೆ ಬಿಟ್ಟವರು ಅರ್ಜಿಗೆ ಲಗತ್ತಿಸಲು ಅಂಕಪಟ್ಟಿ ಎಲ್ಲಿಂದ ತರಬೇಕು? ಅಂಥ ಮಕ್ಕಳಿಗೆ ಹೆದರಿಕೆಯಿಲ್ಲದ ಹಾಸ್ಟೆಲು ಬೇಕು, ಬಿಟ್ಟಲ್ಲಿಂದ ಓದು ಮುಂದುವರಿಸುವ ವ್ಯವಸ್ಥೆ ಬೇಕು. ಅದನ್ನು ನಮ್ಮ ನಮ್ಮ ಜಿಲ್ಲೆಯಲ್ಲೇ ಕೇಳಲು ಶುರು ಮಾಡಬಹುದು.